ಬಗ್ಗುವ ಬಸ್ಸಿನ ಊರಿನಿಂದ

ವೆಲಿಂಗ್ಟನ್, ನ್ಯೂಜಿಲೆಂಡ್
೧೬ ಮಾರ್ಚ್ ೨೦೨೫

ಪ್ರೀತಿಯ ಸುನಂದಾ,

ನೀನೂ ಮಗಳು ಅನಿತಳೂ ಚೆನ್ನಾಗಿದ್ದೀರೆಂದು ದಿನಾ ಫೋನಿನಲ್ಲಿ ಕೇಳುತ್ತೇನೆ. ಆದರೂ ಕಾಗದ ಬರೆಯುತ್ತೇನೆಂದು ಹೇಳಿ ಬಂದವನು ಇಷ್ಟು ತಡಮಾಡಿದೆ, ಬೇಸರಿಸಬೇಡ. ಬೆಂಗಳೂರಿಗೆ ಹೊರಟವರೊಬ್ಬರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅಕ್ಷರ ದಪ್ಪಗಿದೆ, ಸಾಲು ಸೊಟ್ಟಗಿದೆ. ಹಾಗೇ ಓದಿಕೋ.

ಶಿವಾರಪಟ್ಟಣದಲ್ಲಿ ನಾನೂ ತಮ್ಮ ಕದಿರೇಶನೂ ಕಡೆದ ಅಮ್ಮನವರ ವಿಗ್ರಹ ನನಗಿಂತ ಮೊದಲೇ ಹಡಗಿನಲ್ಲಿ ಬಂದಿತ್ತು. ಕಣ್ಣು ಬಿಡಿಸುವುದೊಂದೇ ಬಾಕಿ. ಅದಕ್ಕೆಂದೇ ಇಲ್ಲಿನ ದೇವಸ್ಥಾನದವರು ನನ್ನನ್ನು ಇಷ್ಟು ದೂರ ಕರೆಸಿದ್ದು. ಅದು ಮುಗಿಯುವವರೆಗೆ ನನಗೆ ಸರಿಯಾಗಿ ನಿದ್ದೆಯೇ ಬರಲಿಲ್ಲ.

ಉಳಿದುಕೊಂಡಿರುವುದು ಮುಳಬಾಗಿಲಿನ ಚಂದ್ರಮೋಹನನ ಮನೆಯಲ್ಲಿ. ಅವನು ಇಲ್ಲಿ ಸಿಟಿ ಬಸ್ಸಿನ ಡ್ರೈವರು. ದೇವಸ್ಥಾನಕ್ಕೆ ಅವನ ಬಸ್ಸಿನಲ್ಲೇ ಹೋಗುತ್ತಿದ್ದೆ. ಸ್ಟಾಪಿನಲ್ಲಿ ಮುದುಕಿ ನಿಂತಿದ್ದರೆ ಬಸ್ಸು ಉಸ್ಸೆಂದು ಒಂದು ಪಕ್ಕಕ್ಕೆ ಬಗ್ಗುತ್ತದೆ, ಅವಳು ಹತ್ತಿದ ಮೇಲೆ ಮೆಲ್ಲಗೆ ಏಳುತ್ತದೆ. ಸೈಕಲ್ಲುಗಳನ್ನು ಬಸ್ಸಿನ ಮೂತಿಗೇ ಸಿಕ್ಕಿಸುತ್ತಾರೆ. ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ.

"ಕೋಲಾರದ ಬಸ್ಸಲ್ಲಿ ಹಿಂಗಂದ್ರೆ, 'ಏನ್ಲಾ, ಬೆಳಗ್ಗೇನೇ ಕುಡ್ದಿದ್ದೀಯಾ?' ಅಂತಾರೆ ಅಣ್ಣಯ್ಯ," ಎಂದು ಚಂದ್ರಮೋಹನ ನಗುತ್ತಾನೆ.

ಸಮುದ್ರದ ಪಕ್ಕದ ರಸ್ತೆಯಲ್ಲಿ ಒಂದು ಹಳದಿ ಫಲಕ. "ಏನಪ್ಪಾ, ಕೊಡದ ಚಿತ್ರ ಹಾಕಿದಾರೆ, ನೀರು ಸಿಗುತ್ತಾ?" ಎಂದೆ.

"ಕೊಡ ಅಲ್ಲಣ್ಣಯ್ಯ, ಪೆಂಗ್ವಿನ್ನು! ರೋಡ್ ದಾಟ್ತವೆ, ನಿಧಾನ ಹೋಗಿ ಅಂತ. ನಮ್ ಹೈವೇಲಿ ಮನುಷ್ಯನಿಗೇ ನಿಲ್ಸಲ್ಲ, ಇಲ್ಲಿ ಹಕ್ಕಿಗೆ ಬೋರ್ಡು!"

ಮುಂದೆ ಇನ್ನೊಂದು ಫಲಕ, ಕೋಲು ಹಿಡಿದ ಮನುಷ್ಯನದು. ಈ ದೇಶದಲ್ಲಿ ಕುರಿ ಜಾಸ್ತಿಯಲ್ಲವೇ, "ಇವನು ಕುರಿ ಕಾಯೋನಾ?" ಎಂದೆ. ಈ ಸಲ ಅವನು ನಗಲಿಲ್ಲ. "ಕಣ್ಣು ಕಾಣದವ್ರು ಓಡಾಡೋ ಜಾಗ ಅಣ್ಣಯ್ಯ," ಎಂದ. ದೇವಸ್ಥಾನದ ಸ್ಟಾಪಿನಲ್ಲಿ ನಾನು ಇಳಿಯುವಾಗ ಬಸ್ಸನ್ನು ನನಗೂ ಬಗ್ಗಿಸಿದ.

ಮೊನ್ನೆ ಶುಕ್ರವಾರ ಪ್ರತಿಷ್ಠೆಯಾಯಿತು. ಪರದೆಯೊಳಗೆ ನಾನು, ಚಿನ್ನದ ಸೂಜಿ, ಪುಟ್ಟ ಉಳಿ. ಅಮ್ಮನ ಮೊದಲ ನೋಟ ಕನ್ನಡಿಯ ಮೇಲೇ ಬೀಳಬೇಕಲ್ಲ, ಭಟ್ಟರು ಅದನ್ನು ಹಿಡಿದು ನಿಂತಿದ್ದರು. ಪರದೆ ಸರಿಸಿದಾಗ ಜನ "ಎಂಥ ಕಣ್ಣು!" ಎಂದು ಕೈಮುಗಿದರು. ನಾನು ಊಟಕ್ಕೂ ಕೂರದೆ ಬಂದು ಮಲಗಿಬಿಟ್ಟೆ. ಅಷ್ಟು ಸುಸ್ತು. ಇವತ್ತಿಗೂ ಮೈ ಎದ್ದಿಲ್ಲ.

ಬಿಸಿ ಮುದ್ದೆ ತಿಂದು ಎಷ್ಟು ಕಾಲವಾಯಿತೋ ಅನ್ನಿಸುತ್ತಿದೆ. ಅನಿತ ಚೆನ್ನಾಗಿ ಓದಲಿ, ಅಮ್ಮ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ,
ವೇಣುಗೋಪಾಲ

ಹೇಳಲು ಉಳಿದದ್ದು: ಮಾಲೂರಿನ ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದು ನೀನು ಹೇಳಿದಾಗಲೆಲ್ಲ "ಕಲ್ಲಿನ ಧೂಳು ಕಣೇ" ಎನ್ನುತ್ತಿದ್ದೆ. ಧೂಳಲ್ಲ. ಬಲಗಣ್ಣಿನ ನಡುವೆ ಮಸಿ ಬಳಿದಂತಿದೆ. ಎಡಗಣ್ಣಿಗೂ ಶುರುವಾಗಿದೆ. ಪರದೆಯೊಳಗೆ ರೆಪ್ಪೆಯ ಗೀಟು ನನಗೆ ಕಾಣಲಿಲ್ಲ. ಹೆಬ್ಬೆರಳಿನಿಂದ ತಡವಿಕೊಂಡು ಬಿಡಿಸಿದೆ. ಜನ ಹೊಗಳಿದ ಆ ಕಣ್ಣು ಹೇಗಿದೆಯೆಂದು ನಾನೊಬ್ಬನೇ ನೋಡಿಲ್ಲ. ಅಣ್ಣನಿರುವಾಗ ತಮ್ಮನಾದವನು ವಿಗ್ರಹದ ಕಣ್ಣು ಬಿಡಿಸುವುದು ನಮ್ಮ ಮನೆಯ ಪದ್ಧತಿಯಲ್ಲ, ನಿನಗೆ ಗೊತ್ತು. ಆದರೂ ಶ್ರೀನಿವಾಸಪುರದವರ ಗಣಪತಿಗೆ ಕದಿರೇಶನೇ ಬಿಡಿಸಲಿ. ಇದನ್ನು ನೀನೇ ಅವನಿಗೆ ಹೇಳು, ನನ್ನ ಬಾಯಿಂದ ಬರುವುದಿಲ್ಲ. ನಾನು ಕನ್ನಡಿ ಹಿಡಿಯುತ್ತೇನೆ.