ಮಂಜುಗೆ ಜಾಗವಿಲ್ಲ

ಡಿಸೆಂಬರ್ 9, ಸೋಮವಾರ. ಬೆಳಿಗ್ಗೆ

ಇವತ್ತೂ ಅರ್ಧ ಮುಖವೇ! ಬಚ್ಚಲಮನೆಯ ಕನ್ನಡಿಯ ಎಡಭಾಗಕ್ಕೆ ಸಮೀರ ಆವಿಗೆ ಮಸುಕಾಗದ ಹಾಗೆ ತನ್ನ ಔಷಧಿ ಹಚ್ಚಿದ್ದಾನೆ. ಬಲಭಾಗ ಹಾಗೇ. ಟ್ರಯಲ್ ಅಂತೆ. ಬಿಸಿನೀರು ಹೊಯ್ದುಕೊಂಡ ಕೂಡಲೇ ಬಲಗಡೆ ಪೂರ್ತಿ ಬಿಳಿ. ಎಡಗಡೆ ಸ್ವಚ್ಛ — ಒಂದು ಕಣ್ಣು, ಅರ್ಧ ಮೂಗು, ಒಂದೇ ಝುಮಕಿ. ಮದುವೆಯಾದ ಹೊಸದರಲ್ಲಿ (ಈಗೇನು ಹಳೆಯದಾಯಿತೇ? ತಿಂಗಳೂ ಆಗಿಲ್ಲ!) ಈ ಕನ್ನಡಿಯ ಮಂಜುನ ಮೇಲೆ ಬೆರಳಲ್ಲಿ ಹಾರ್ಟ್ ಬರೆದು ಬರುತ್ತಿದ್ದೆ. ನನ್ನ ನಂತರ ಅವನ ಸ್ನಾನ. ಈಗ ಹಾರ್ಟೂ ಅರ್ಧವೇ...

ಡೈರಿ ಕನ್ನಡದಲ್ಲಿ ಯಾಕೆ ಅಂತ ನನಗೇ ಆಶ್ಚರ್ಯ. ಹಾವೇರಿಯ ಇಂಗ್ಲಿಷ್ ಮೀಡಿಯಂ ಸ್ಕೂಲಿನಿಂದಲೂ ಇಂಗ್ಲಿಷಿನಲ್ಲೇ ಬರೆದವಳು. ಆದರೆ ರಾಣೆಬೆನ್ನೂರಿನ ಈ ಮನೆಯಲ್ಲಿ ಪ್ರೀತಿ, ಜಗಳ, ಉಪ್ಪಿಟ್ಟು — ಎಲ್ಲ ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ಬರೆದರೆ ಬೇರೆ ಯಾರದೋ ಮದುವೆ ಅನ್ನಿಸುತ್ತದೆ.

ಸಂಜೆ

ಶಾಕ್! ಖರೇ ಶಾಕ್. ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಸಮೀರನ ಕೈಗೆ ಚಹಾ ಕೊಡಲು ಹೋದೆ. ಬೆರಳು ತಾಗಿದ್ದೇ ತಡ — ಚಟ್! ಕಿಡಿಯನ್ನು ಕಣ್ಣಾರೆ ಕಂಡೆ.

"ನೋಡ್ರಿ, ನಮ್ಮ ಪ್ರೀತಿಯೊಳಗ ಕರೆಂಟ್ ಐತಿ."

"ಪ್ರೀತಿ ಅಲ್ಲ, ನಿನ್ನ ಸಿಂಥೆಟಿಕ್ ಸೀರಿ."

ಎಂಥ ರೊಮ್ಯಾಂಟಿಕ್ ಗಂಡ! ಕುರ್ಚಿಗೂ ಅದೇ ಔಷಧಿ ಹಚ್ಚಿದ. ಮತ್ತೆ ಕೂತೆ, ಎದ್ದೆ, ಮುಟ್ಟಿದೆ. ಏನೂ ಇಲ್ಲ. ಮತ್ತೆ ಮತ್ತೆ ಮುಟ್ಟಿ ನೋಡಿದೆ. ವಿಜ್ಞಾನಕ್ಕಾಗಿ.

ಸಮೀರನ ಅಕ್ಕ, ಮಂಜಕ್ಕ, ಬಾಗಿಲಲ್ಲಿ ನಿಂತಿದ್ದರು. "ನಿಮ್ಮ ಟೆಸ್ಟ್ ಮುಗದಿದ್ರ ಚಹಾ ಕುಡೀರಿ. ಆರಾಕತ್ತೇತಿ." ನಾಚಿಕೆಯಿಂದ ಸತ್ತೆ.

ಡಿಸೆಂಬರ್ 12, ಗುರುವಾರ

ಸಮೀರನದು ಸ್ಟೇಷನ್ ರಸ್ತೆಯಲ್ಲಿ ಚಸ್ಮಾ ಅಂಗಡಿ. ಮಂಜಕ್ಕನ ಪೂರ್ತಿ ಹೆಸರು ಮಂಜುಳಾ. ಮನೆಯಲ್ಲಿ, ಓಣಿಯಲ್ಲಿ ಎಲ್ಲರಿಗೂ ಮಂಜು. ಫ್ರೇಮಿಗೆ ಗಾಜು ಕೂರಿಸುವುದು ಅವರೇ. ಗಂಡನ ಮನೆ ಬಿಟ್ಟು ಬಂದು ಕೆಲವು ವರ್ಷವಾಯಿತು. ಯಾಕೆ ಅಂತ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ.

ಈ ಮನೆಯಲ್ಲಿ ಬಾಗಿಲಿರುವ ಖೋಲಿ ಕೆಳಗೆ ಒಂದೇ. ಅದು ಅವರದಾಗಿತ್ತು. ಈಗ ನಮ್ಮದು. ಅವರ ಹಾಸಿಗೆ ನಡುಮನೆಯಲ್ಲಿ, ಅತ್ತೆಯ ಪಕ್ಕ. ಸೀರೆಗಳು ಮಾತ್ರ ಇನ್ನೂ ನಮ್ಮ ಕಪಾಟಿನಲ್ಲೇ ಇವೆ. ಬೆಳಿಗ್ಗೆ ಕೆಮ್ಮುತ್ತಾರೆ, ಬಾಗಿಲು ತಟ್ಟುತ್ತಾರೆ, ಮತ್ತೆ ಕೆಮ್ಮುತ್ತಾರೆ — ಆಮೇಲೆ ಒಳಗೆ. ನನಗೆ ನಗು ಬರುತ್ತದೆ. ಒಮ್ಮೊಮ್ಮೆ ಸಿಟ್ಟೂ.

ಔಷಧಿಯ ಐಡಿಯಾ ಬ್ಯಾಡಗಿಯಿಂದ ಬಂದದ್ದು. ಅಲ್ಲಿ ಮೆಣಸಿನಕಾಯಿ ಘಾಟಿಗೆ ಎಲ್ಲರೂ ಮೂಗಿಗೆ ಬಟ್ಟೆ ಕಟ್ಟುತ್ತಾರೆ; ಉಸಿರೆಲ್ಲ ಮೇಲೆ ಹೋಗಿ ಚಸ್ಮಾ ಮಸುಕು. ಯೂಸುಫಸಾಬ ಅಂತ, ದಲಾಲಿ ಅಂಗಡಿಯವರು, ಇವರ ಹಳೇ ಗಿರಾಕಿ. ಅವರ ಮಗಳು ಬೇನಜೀರ ಮಂಜಕ್ಕನ ಗೆಳತಿ. ಯೂಸುಫಸಾಬರು ಬಂದು "ರೊಕ್ಕಾ ಕೊಟ್ಟು ಕುರುಡ ಆಗೇನಲ್ಲೋ ಸಮೀರ" ಅಂದಿದ್ದರಂತೆ. ಅವತ್ತಿನಿಂದ ಮಾಳಿಗೆಯ ಖೋಲಿಯಲ್ಲಿ ಬಾಟಲಿ, ಅಳತೆ, ಸ್ಪಿರಿಟ್ ವಾಸನೆ.

"ಆವಿ ಬರೂದನ್ನ ತಡಿಯಾಕ ಆಗಂಗಿಲ್ಲ ವಾಣಿ. ಹನಿ ಹನಿಯಾಗಿ ನಿಂತ್ರ ಮಸುಕು. ಇದು ಹನೀನ ತೆಳ್ಳಗ ಹರವತೈತಿ, ಅಷ್ಟ. ನೀರು ಅಲ್ಲೇ ಇರತೈತಿ, ಕಾಣಂಗಿಲ್ಲ." ಅಂತಾನೆ ಸಮೀರ. ಕುರ್ಚಿಯ ಕರೆಂಟು ಹರಿದುಹೋಗುವುದೂ ಆ ತೆಳು ಪಸೆಯಿಂದಲೇ ಅಂತೆ. ಇಲ್ಲಿಯ ಬೀಜದ ಕಂಪನಿಯೊಂದರಲ್ಲಿ ಟೊಮ್ಯಾಟೊ ಬೀಜ ಪ್ಲಾಸ್ಟಿಕ್ ಫನೆಲಿಗೆ ಅಂಟಿಕೊಂಡು ಒಂದು ತಳಿ ಇನ್ನೊಂದರ ಪಾಕೀಟಿಗೆ ಸೇರುತ್ತಿದೆಯಂತೆ. ಅಲ್ಲೂ ಟ್ರಯಲ್ ಕೇಳಿದ್ದಾರೆ. ಚಸ್ಮಾಕ್ಕೂ ಅದೇ, ಬೀಜಕ್ಕೂ ಅದೇ! ನನ್ನ ಗಂಡ ಜೀನಿಯಸ್!

ಡಿಸೆಂಬರ್ 16

ಔಷಧಿಗೆ ಹೆಸರು ಇಟ್ಟದ್ದು ಅತ್ತೆ — "ನಿಚ್ಚಳ". ಎಷ್ಟು ಚೆಂದ! ಲೇಬಲ್ ಬರೆಯುವ ಜವಾಬ್ದಾರಿ ನನಗೆ. ಹೊಳೆದದ್ದು ಇಂಗ್ಲಿಷಿನಲ್ಲಿ, ನೋ ರೂಮ್ ಫಾರ್ ಫಾಗ್. ಕೂತು ಕನ್ನಡಕ್ಕೆ ತಂದೆ:

ಮನೆಯಲ್ಲಿ, ಅಂಗಡಿಯಲ್ಲಿ — ಇನ್ನು ಮಂಜುಗೆ ಜಾಗವಿಲ್ಲ!

ಸಮೀರನಿಗೆ ತೋರಿಸಿದೆ. ಕೈಯಲ್ಲಿ ಅಳತೆ ಗ್ಲಾಸು, ಕಣ್ಣು ಅದರ ಮೇಲೆ. "ಮಸ್ತ್" ಅಂದ. ಹಾವೇರಿಯ ಪ್ರೆಸ್ಸಿಗೆ ಫೋನಿನಿಂದಲೇ ಕಳಿಸಿದೆ. ಕುಣಿದುಬಿಟ್ಟೆ.

ಡಿಸೆಂಬರ್ 20, ಶುಕ್ರವಾರ

ಲೇಬಲ್ ಬಂತು! ನೀಲಿ ಬಣ್ಣ, ಅಂಚಿಗೆ ಬೆಳ್ಳಿ. ನಾನು ಅಂಗಡಿಗೆ ಓಡುವಷ್ಟರಲ್ಲಿ ಮಂಜಕ್ಕ ಕಟ್ಟು ಬಿಚ್ಚಿ ಕೂತಿದ್ದರು. ಒಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ನೀನ ಬರದೇನು?"

"ಹೌದ್ರಿ ಅಕ್ಕಾ! ಹೆಂಗೈತ್ರಿ?"

"ಸ್ಪಷ್ಟ ಐತಿ."

ಮಧ್ಯಾಹ್ನ ಪೂರ್ತಿ ಕೂತು ಎಲ್ಲ ಬಾಟಲಿಗೂ ಅವರೇ ಅಂಟಿಸಿದರು. ನನ್ನ ಕೈ ಹಚ್ಚಲು ಬಿಡಲಿಲ್ಲ. ಒಂದೂ ಸೊಟ್ಟ ಇಲ್ಲ, ಒಂದರಲ್ಲೂ ಗಾಳಿಯ ಗುಳ್ಳೆ ಇಲ್ಲ. ಎದ್ದಾಗ ಹೇಳಿದ್ದು ಒಂದೇ ಮಾತು — "ಒಂದೂ ಕಿತ್ತು ಬರಂಗಿಲ್ಲ, ನೋಡು."

ಹೊಗಳಿಕೆ ಅಂದುಕೊಂಡೆ. ಥ್ಯಾಂಕ್ಸ್ ಅಂದೆ. ಥ್ಯಾಂಕ್ಸ್!!

(ಆ ಕೊನೆಯ ಸಾಲು 27ರಂದು ಸೇರಿಸಿದ್ದು.)

ಡಿಸೆಂಬರ್ 21

ಮಂಜಕ್ಕ ಬ್ಯಾಡಗಿಗೆ ಹೋದರು. ಬೆಳಿಗ್ಗೆ ಇದ್ದಕ್ಕಿದ್ದಂತೆ. "ಬೇನಜೀರ ಕರದಾಳ. ಸೀಜನ್ ಐತಿ, ಅವರಪ್ಪನ ಅಂಗಡ್ಯಾಗ ಕೆಲಸಾ ಭಾಳ ಐತಂತ."

"ಎಷ್ಟ್ ದಿನಾ?" ಅತ್ತೆ ಕೇಳಿದರು.

"ನೋಡೂಣು."

ನಾಲ್ಕು ದಿನಕ್ಕೆ ಹೋಗುವವರು ಎಲ್ಲ ಸೀರೆ ಒಯ್ಯುತ್ತಾರೆಯೇ? ಕಪಾಟಿನ ಅವರ ಅರ್ಧ ಖಾಲಿ. ನೋಡಿ... ಖುಷಿಯಾಯಿತು. ಯಾರೂ ಓದದ ಡೈರಿಯಲ್ಲಿ ಸುಳ್ಳು ಯಾಕೆ? ಇನ್ನು ಬೆಳಿಗ್ಗೆ ಕೆಮ್ಮುವವರಿಲ್ಲ ಅಂತ ಖುಷಿಯಾಯಿತು. ನನ್ನ ಡ್ರೆಸ್ಸೆಲ್ಲ ಅಲ್ಲಿ ಜೋಡಿಸಿದೆ.

ಡಿಸೆಂಬರ್ 27, ಶುಕ್ರವಾರ

ಸಮೀರ ಬೀಜದ ಕಂಪನಿಯಿಂದ ಬಂದ. ಟ್ರಯಲ್ ಪಾಸ್ — ಫನೆಲಿಗೆ ಒಂದು ಬೀಜವೂ ಅಂಟಲಿಲ್ಲವಂತೆ. ಆದರೆ ಅವನ ಮುಖ ನೋಡಲಾಗುತ್ತಿರಲಿಲ್ಲ. ಪ್ಯಾಕಿಂಗ್ ನೋಡಿಕೊಳ್ಳುವ ಚೇತನಕುಮಾರ ಮಂಜಕ್ಕನ ಜೊತೆ ಸಾಲಿಯಲ್ಲಿ ಓದಿದವರು. ಬಾಟಲಿ ತಿರುಗಿಸಿ ಎಲ್ಲರೆದುರು ಓದಿದರಂತೆ. "ಏನಪಾ ಸಮೀರ, ಅಕ್ಕನ್ನ ಮನಿ ಬಿಡಸಾಕ ಲೇಬಲ್ ಹೊಡಿಸಿಯಲ್ಲ!"

"ಎಲ್ಲಾರೂ ನಕ್ಕರು ವಾಣಿ. ನಾನೂ ನಕ್ಕೆ. ಗಾಡಿ ಚಾಲೂ ಮಾಡೂ ಮುಂದ ತಿಳೀತು."

ನನಗೆ ಆಗಲೂ ತಿಳಿಯಲಿಲ್ಲ. ಅತ್ತೆ ಬಾಟಲಿ ಇಸಿದುಕೊಂಡು ಓದಿದರು. ತಣ್ಣಗೆ ಹೇಳಿದರು — "ಚಳಿಗಾಲದ್ದಾದ್ರ ಮಂಜಿಗೆ. ನನ್ನ ಮಗಳಾದ್ರ ಮಂಜುಗೆ. 'ಜ'ಕ್ಕ ಗುಡಿಸು ಕೊಡೂದು ಬಿಟ್ಟು ಕೊಂಬು ಕೊಟ್ಟೀಯಲ್ಲವಾ."

ಕೊಂಬು? ಗುಡಿಸು? ಸಮೀರ ಹೇಳಿಕೊಟ್ಟ. ಜು ಅಂದರೆ ಕೊಂಬು, ಜಿ ಅಂದರೆ ಗುಡಿಸು. ಕನ್ನಡ ಸಾಲಿಯ ಮಕ್ಕಳೆಲ್ಲ ಹೀಗೇ ಕಲಿಯುತ್ತಾರಂತೆ. ನಾನು ಕಲಿಯಲಿಲ್ಲ. ಈ ಡೈರಿಯ ಮೊದಲ ಪುಟ ತಿರುವಿದೆ — ಅಲ್ಲೂ "ಮಂಜುನ ಮೇಲೆ" ಅಂತ ಬರೆದಿದ್ದೇನೆ. ಅವರ ಮೇಲೆ ಹಾರ್ಟ್ ಬರೆದ ಹಾಗೆ!

ಮನೆಯಲ್ಲಿ, ಅಂಗಡಿಯಲ್ಲಿ, ಇನ್ನು ಮಂಜುಗೆ ಜಾಗವಿಲ್ಲ. ಅದನ್ನು ಅವರ ಕೈಯಿಂದಲೇ ಅಂಟಿಸಿದೆ. ದೇವರೇ.

ಡಿಸೆಂಬರ್ 28

ಫೋನ್ ಎತ್ತುತ್ತಿಲ್ಲ. ಮೆಸೇಜಿಗೆ ನೀಲಿ ಗೆರೆ ಬರುತ್ತದೆ, ಉತ್ತರ ಬರುವುದಿಲ್ಲ. ಬಾಟಲಿಗಳನ್ನು ಬಿಸಿನೀರಲ್ಲಿ ನೆನೆಸಿ ಕೀಳುತ್ತಿದ್ದೇನೆ. ಅವರು ಹೇಳಿದ್ದು ಖರೇ — ಕಿತ್ತು ಬರುವುದಿಲ್ಲ. ಉಗುರು ಹೋಯಿತು. ಮದರಂಗಿಯ ಬಣ್ಣ ಬೇರೆ ಇನ್ನೂ ಉಳಿದಿದೆ ಉಗುರಲ್ಲಿ... ಕೂತಲ್ಲಿ ಕೂರಲಾಗುತ್ತಿಲ್ಲ.

ಅತ್ತೆ ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಂಜಕ್ಕನ ತಾಟು ತೆಗೆಯುತ್ತಾರೆ, ನೆನಪಾಗಿ ಮತ್ತೆ ಇಡುತ್ತಾರೆ.

ಜನವರಿ 2, ಗುರುವಾರ. ಬಸ್ಸಿನಲ್ಲಿ, ವಾಪಸ್ಸು ಬರುತ್ತ

ಅಕ್ಷರ ಕುಣಿಯುತ್ತಿದೆ. ಆದರೂ ಈಗಲೇ ಬರೆಯಬೇಕು.

ಸಮೀರನನ್ನು ಬಿಟ್ಟು ಒಬ್ಬಳೇ ಹೋದೆ. ಬ್ಯಾಡಗಿಯಲ್ಲಿ ಇವತ್ತು ಮೆಣಸಿನಕಾಯಿ ಟೆಂಡರ್ ದಿನ. ಎಲ್ಲಿ ನೋಡಿದರೂ ಚೀಲ, ಎಲ್ಲಿ ನೋಡಿದರೂ ಕೆಂಪು. ಇಳಿದಾಗಿನಿಂದ ಸೀನುತ್ತಲೇ ಯೂಸುಫಸಾಬರ ಅಂಗಡಿ ಹುಡುಕಿದೆ. ಮಂಜಕ್ಕ ಮೇಜಿನ ಹಿಂದೆ ಕೂತಿದ್ದರು. ಮೂಗಿಗೆ ಸೆರಗು ಬಿಗಿದಿದ್ದರು, ಚಸ್ಮಾ ಪೂರ್ತಿ ಬೆಳ್ಳಗಾಗಿತ್ತು. ನಮ್ಮದೇ ಅಂಗಡಿಯ ಚಸ್ಮಾ, ಅವರೇ ಗಾಜು ಕೂರಿಸಿದ್ದು, ಮತ್ತು ಅವರಿಗೇ ಕಾಣದು.

"ಯಾರ್ರೀ ಅದು? ಸ್ಯಾಂಪಲ್ ತಂದೀರೇನು?"

ಹತ್ತಿರ ಹೋಗಿ ಚಸ್ಮಾ ತೆಗೆದೆ. ಪರ್ಸಿನಿಂದ ನಿಚ್ಚಳದ ಬಾಟಲಿ ತೆಗೆದು ಸಿಂಪಡಿಸಿ, ಒರೆಸಿ, ಮತ್ತೆ ಅವರ ಮೂಗಿನ ಮೇಲಿಟ್ಟೆ. ಉಸಿರು ಬಿಟ್ಟರು. ಗಾಜು ಮಸುಕಾಗಲಿಲ್ಲ. ನನ್ನನ್ನು ನೋಡಿದರು.

"ನೀನೇನು."

"ಅಕ್ಕಾ, ಅದು ಗುಡಿಸು ಇರಬೇಕಿತ್ರಿ. ನಾ ಕೊಂಬು ಕೊಟ್ಟುಬಿಟ್ಟೆ. ನನಗ ಗೊತ್ತಿರಲಿಲ್ರೀ —" ಅಳು, ಸೀನು ಒಟ್ಟಿಗೇ ಬಂತು.

"ಇಷ್ಟ್ ಹೇಳಾಕ ಬ್ಯಾಡಗಿತನಾ ಬಂದೀ? ನಾನೂ ಹಂಗ ತಿಳಕೊಂಡಿದ್ದೆ, ಹೊಸಾ ಸೊಸಿಗೆ ಲಗೂನ ಕೊಂಬು ಬಂದಾವ ಅಂತ."

ಬೇನಜೀರ ಒಳಗಿನಿಂದ ಕಿಸಕ್ಕನೆ ನಕ್ಕರು. ನನಗೆ ಧೈರ್ಯ ಬಂತು. ಬಾಟಲಿ ತಿರುಗಿಸಿ ತೋರಿಸಿದೆ. ಕೀಳುವಾಗ ಆ ಒಂದು ಲೇಬಲ್ಲಿನ ಬಾಲ ಮಾತ್ರ ಹರಿದು "ಮಂಜುಗೆ ಜಾಗ" ಅಂತಷ್ಟೇ ಉಳಿದಿತ್ತು. ದೊಡ್ಡ ಜಾಣತನ ಅಂದುಕೊಂಡು ಎತ್ತಿಟ್ಟುಕೊಂಡಿದ್ದೆ.

ಅವರು ನಗಲಿಲ್ಲ. "ಜಾಗ. ಎಲ್ಲೈತಿ?"

"ಅಕ್ಕಾ..."

"ಅಕ್ಷರ ತಪ್ಪು ಬರದಿ, ನನಗ ಅವತ್ತ ತಿಳೀತು. ನಾನೂ ಸಾಲಿ ಕಲ್ತೇನಿ. ಆದ್ರ ಸುಳ್ಳು ಬರದಿಲ್ಲಲ್ಲ ನೀನು? ನಡುಮನ್ಯಾಗ ಹಾಸೂದು, ಮುಂಜಾನೆದ್ದು ಸುತ್ತೂದು. ಸೀರಿ ಉಡಬೇಕಂದ್ರ ಕೆಮ್ಮಬೇಕು. ಅದಕ್ಕ ಜಾಗ ಅಂತಾರೇನು?"

ಖಾಲಿ ಕಪಾಟು ನೋಡಿ ಖುಷಿಪಟ್ಟವಳು ನಾನೇ.

ಯೂಸುಫಸಾಬರು ಚಹಾ ತರಿಸಿದರು. ತಮ್ಮ ಚಸ್ಮಾವನ್ನೂ ಮುಂದೆ ಚಾಚಿ "ನನಗೂ ಒಂದ್ ಕೈ ಹಚ್ಚಿ ಹೋಗು ಬೇಟಾ" ಅಂದರು. ಹಚ್ಚಿಕೊಟ್ಟೆ. ಬಸ್ಸು ಹತ್ತುವಾಗ ತಿರುಗಿ ನೋಡಿದೆ. ಮಂಜಕ್ಕ ಬಂದಿರಲಿಲ್ಲ.

ಜನವರಿ 3

ನಮ್ಮ ಮಂಚ ಮಾಳಿಗೆಗೆ ಎತ್ತಿಸಿದೆ. ಸಮೀರ ಕೂಗಾಡಿದ. "ಚಳ್ಯಾಗ ಮಾಳಿಗಿ ಮ್ಯಾಲೆ? ಸ್ಪಿರಿಟ್ ವಾಸನಿಯೊಳಗ? ಹೊಸದಾಗಿ ಮದುವಿ ಆದಾವ್ರು ನಾವು, ವಾಣಿ!"

"ಅದಕ್ಕ ಅಂತೀನಿ. ಮಾಳಿಗಿ ಬಾಗಲಕ್ಕ ಯಾರೂ ಬಂದು ಕೆಮ್ಮಂಗಿಲ್ಲ."

ಸ್ವಲ್ಪ ಯೋಚಿಸಿದ. ಆಮೇಲೆ ಮಂಚದ ಇನ್ನೊಂದು ತುದಿ ಹಿಡಿದ.

ಬಾಟಲಿ ಎಲ್ಲ ಅಂಗಡಿಗೆ ಸಾಗಿದವು. ಕಪಾಟು ಪೂರ್ತಿ ಖಾಲಿ ಮಾಡಿ ಒರೆಸಿದೆ. ಅತ್ತೆ ಮಂಜಕ್ಕನ ಹಾಸಿಗೆ ತಂದು ಖೋಲಿಯಲ್ಲಿ ಹಾಸಿದರು. ದಿಂಬಿಗೆ ಹೊಸ ಗಲೀಫು. ಫೋಟೋ ತೆಗೆದು ಕಳಿಸಿದೆ. ಏನೂ ಬರೆಯಲಿಲ್ಲ. ನನ್ನ ಕನ್ನಡದ ಮೇಲೆ ನನಗೇ ಹೆದರಿಕೆ.

ನೀಲಿ ಗೆರೆ. ಉತ್ತರ ಇಲ್ಲ.

ಜನವರಿ 8, ಬುಧವಾರ

ಆಟೋ ನಿಂತ ಸದ್ದಾದರೆ ಮಾಳಿಗೆಯ ಅಂಚಿಗೆ ಓಡುತ್ತೇನೆ. ಪಕ್ಕದ ಮನೆಗೆ. ಎದುರು ಮನೆಗೆ. ಇವತ್ತು ಒಂದು ನಿಂತೇ ಬಿಟ್ಟಿತು — ಹೊಸ ಲೇಬಲ್ಲಿನ ಕಟ್ಟು. "ಇನ್ನು ಮಂಜಿಗೆ ಜಾಗವಿಲ್ಲ." ಸರಿಯಾಗಿದೆ. ಯಾರೂ ಅಂಟಿಸುತ್ತಿಲ್ಲ. ಸಮೀರ ಒಂದು ಅಂಟಿಸಿದ, ಸೊಟ್ಟ. ನಾನೊಂದು, ತುಂಬ ಗುಳ್ಳೆ. ಬೀಜದ ಕಂಪನಿಯವರು ಶನಿವಾರ ಮಾಲು ಕೇಳಿದ್ದಾರೆ. ಇಬ್ಬರೂ ಬಾಟಲಿ ಕೆಳಗಿಟ್ಟೆವು.

ಜನವರಿ 10, ಶುಕ್ರವಾರ. ಬೆಳಿಗ್ಗೆ

ತಲೆಯಿಂದ ನೀರು ಸುರಿಯುತ್ತಿದೆ, ಪುಟ ಒದ್ದೆ. ಇರಲಿ! ಮಾಳಿಗೆಯಿಂದ ಇಳಿದು ಸೀದಾ ಬಚ್ಚಲಿಗೆ ಹೋದೆ. ಯಾರದೋ ಸ್ನಾನ ಆಗಲೇ ಮುಗಿದಿತ್ತು. ತುಂಬ ಆವಿ. ಅತ್ತೆ ಇರಬೇಕು ಅಂತ ಎರಡು ತಂಬಿಗೆ ಹೊಯ್ದುಕೊಂಡೆ — ಸೀನು ಬಂತು. ಮತ್ತೊಂದು. ಮೂಲೆಯಲ್ಲಿ ನೆನೆಹಾಕಿದ ಸೀರೆ. ಅದರಿಂದ ಘಾಟು! ಬ್ಯಾಡಗಿಯ ಘಾಟು!

ಕನ್ನಡಿ ನೋಡಿದೆ. ಎಡಭಾಗದಲ್ಲಿ ನನ್ನ ಅರ್ಧ ಮುಖ. ಬಲಭಾಗದ ಮಂಜಿನ ಮೇಲೆ (ಮಂಜಿನ!) ಬೆರಳಲ್ಲಿ ಗುಂಡಗೆ ಬರೆದಿದ್ದಾರೆ —

ಮಂಜು ಬಂದಾಳ.

ಬಂದೈತಿ ಅಲ್ಲ. ಬಂದಾಳ. ನನಗೆ ಈ ಸಲ ಯಾರೂ ಹೇಳಿಕೊಡಬೇಕಾಗಲಿಲ್ಲ.

ಕೆಳಗೆ ಖೋಲಿಯ ಬಾಗಿಲು ಮುಚ್ಚಿದೆ, ಒಳಗೆ ಬಳೆಯ ಸದ್ದು, ಕಪಾಟಿನ ಸದ್ದು. ತಟ್ಟಲೇ? ಕೆಮ್ಮಲೇ? ಈಗ ಬಾಗಿಲು ತೆರೆಯಿತು, ಮೆಟ್ಟಿಲ ಕೆಳಗಿಂದ ಕೂಗುತ್ತಿದ್ದಾರೆ — "ವಾಣೀ! ಈ ಸೊಟ್ಟ ಲೇಬಲ್ಲ ಯಾರು ಹಚ್ಚ್ಯಾರ? ಇಳದ ಬಾ ಲಗೂ, ಚಹಾ ಆರ—"

ಬಂದೆ, ಅಕ್ಕಾ, ಬಂ