ಹೆರಿಂಗ್ ಬಂದಾಗ ಸುಮ್ಮನಿರಬೇಕು

ಕಾಗೆಬಂಡೆ ಕೊಲ್ಲಿ, ಅಲಾಸ್ಕಾ
ಏಪ್ರಿಲ್ 19

ಪ್ರೀತಿಯ ಲಾವರ್ನ್ ಅಕ್ಕನಿಗೆ,

ನಿನ್ನ ತಮ್ಮ ಬದುಕಿದ್ದಾನೆ, ಬೈಸಿಕೊಳ್ಳಲು ಸಿದ್ಧನಾಗಿಯೂ ಇದ್ದಾನೆ. ಮೀನಿನ ಮೊಟ್ಟೆಯ ಪೆಟ್ಟಿಗೆ ಈ ಸಲ ತಡವಾಯಿತು, ಕಾಗದ ಅದಕ್ಕಿಂತ ತಡವಾಯಿತು. ಎಲ್ವಿರಾ ದಿನಾ ಬೆಳಿಗ್ಗೆ "ಅಕ್ಕನಿಗೆ ಬರೆದ್ಯಾ?" ಎಂದು ಕೇಳುತ್ತಾಳೆ, ನಾನು ಬೋಟಿನಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ಹೋಗುತ್ತೇನೆ. ಇವತ್ತು ಕಾಫಿಯ ಬದಲು ಪೆನ್ನು ತಂದು ಮುಂದಿಟ್ಟಳು. ಇಂಥ ಹೆಂಡತಿಯನ್ನು ನೀನೇ ಹುಡುಕಿಕೊಟ್ಟದ್ದು, ನೆನಪಿರಲಿ.

ನಿನ್ನ ಮಂಡಿನೋವು ಹೇಗಿದೆ? ಉತ್ತರದ ಆ ಚಳಿಯಲ್ಲಿ ಮನೆ ಮಾಡಬೇಡ ಎಂದು ಆಗಲೇ ಹೇಳಿದ್ದೆ. ನಿನ್ನ ಮಗ ಡೆಸ್ಮಂಡ್ ಯಾಕೆ ಕಾಗದ ಬರೆಯುತ್ತಿಲ್ಲ ಎಂದು ಕೇಳಿದ್ದೀಯ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಮೀನಿನ ಸುದ್ದಿ.

ಈ ವರ್ಷವೂ ಮೀನುಗಾರಿಕೆ ಕಚೇರಿಯವರು ಪರೀಕ್ಷೆಯ ಬಲೆ ಬಿಡುವ ಕೆಲಸವನ್ನು ನನ್ನ ಬೋಟಿಗೇ ಕೊಟ್ಟರು. ನಾನು ಹಿಡಿದು ತೋರಿಸಬೇಕು, ಕಚೇರಿಯ ಹನ್ನಾ ಮೀನು ಕೊಯ್ದು ನೋಡಬೇಕು, ಅವಳು ಸರಿ ಎಂದ ಮೇಲೆಯೇ ಉಳಿದ ಬೋಟುಗಳು ಹೊರಡಬೇಕು. ಹೊರಗಿನ ನೀರಿನಲ್ಲಿ ಬರೀ ಸಣ್ಣ ಮೀನು. ಆದರೆ ಕಾಗೆಬಂಡೆಯ ಒಳಗೆ ಬಲೆ ಬಿಟ್ಟಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಅಮ್ಮನ ಕಾಲದ ಗಾತ್ರದ ಹೆರಿಂಗ್ ಮೀನು! ಹನ್ನಾ ಒಂದರ ಹುರುಪೆ ಕಿತ್ತು ಭೂತಗನ್ನಡಿಯಲ್ಲಿ ನೋಡಿದಳು. ಮರದ ಕಾಂಡದಲ್ಲಿರುವಂತೆ ಅದರಲ್ಲೂ ವರ್ಷಕ್ಕೊಂದು ಉಂಗುರ ಇರುತ್ತದಂತೆ.

"ಸಿರಿಲ್, ಇವೆಲ್ಲ ನಿಮ್ಮ ಹಾಗೆ ಮುದಿಯಾದೋವು ಕಣ್ರೀ," ಎಂದಳು. "ಇವನ್ನ ಹಿಡಿದುಬಿಟ್ರೆ ಎಳೆಯವಕ್ಕೆ ಈ ಕೊಲ್ಲಿಯ ದಾರಿ ತೋರಿಸೋರು ಯಾರು?"

"ಅದನ್ನ ಹೇಳೋಕೆ ಗಾಜು ಬೇಕಿತ್ತಾ?" ಎಂದೆ.

"ನೀವು ಹೇಳಿದ್ರೆ ಆ ಟಾರ್ವಿಕ್ ಕೇಳ್ತಾನಾ? ಗಾಜು ಹೇಳಿದ್ರೆ ಕೇಳಲೇಬೇಕು."

ಅವಳ ಮಾತು ನಿಜ. ಈ ಸಲ ಹಿಡಿಯಬಹುದಾದ ಪಾಲನ್ನು ಅರ್ಧಕ್ಕೆ ಇಳಿಸಿ ಗೆರೆ ಎಳೆದಳು. ಬಂಡೆಯ ಆಚೆ ಹಿಡಿಯಬಹುದು, ಈಚೆ ಒಂದು ಬಲೆಯೂ ಬೀಳಕೂಡದು. ಬಿದ್ದರೆ ಆ ಬೋಟು ನಡೆಸುವ ತಂಡೇಲನ ಲೈಸೆನ್ಸ್ ಹೋಯಿತು.

ಟಾರ್ವಿಕ್ ನಿನಗೆ ನೆನಪಿರಬೇಕು, ಊರಿನ ಅರ್ಧ ಬೋಟುಗಳ ಯಜಮಾನ. ಬೋಟು ಕಟ್ಟುವ ಧಕ್ಕೆಯಲ್ಲಿ ಎಲ್ಲರೆದುರು ಶುರುಮಾಡಿದ. "ನೋಡ್ರಪ್ಪೋ, ಸಿರಿಲ್ ತನ್ನ ಹಿತ್ತಲಿಗೆ ಸರ್ಕಾರದ ಕೈಯಲ್ಲೇ ಬೇಲಿ ಹಾಕಿಸ್ಕೊಂಡ! ನಮ್ಮ ಮಕ್ಕಳೇನು, ಇವನು ಮೀನಿನ ಮೊಟ್ಟೆಗೆ ಅಂತ ನೀರಿಗೆ ಬಿಡೋ ಹೆಮ್ಲಾಕ್ ಮರದ ಕೊಂಬೆ ನೆಕ್ಕಬೇಕಾ?"

"ಮೊದಲು ನೀನು ನೆಕ್ಕಿ ನೋಡು, ಬಾಯಿ ಸ್ವಲ್ಪ ನೆಟ್ಟಗಾದೀತು," ಎಂದೆ. ಯಾರೂ ನಗಲಿಲ್ಲ. ಮಾರನೆಯ ಬೆಳಿಗ್ಗೆ ನನ್ನ ಬೋಟು ಕಟ್ಟಿದ ಹಗ್ಗವನ್ನು ಯಾರೋ ಅರ್ಧ ಕೊಯ್ದಿದ್ದರು. ಅಂದಿನಿಂದ ಎಲ್ವಿರಾ ಅಂಗಡಿಗೆ ಹೋದರೂ ಮಾತನಾಡಿಸುವವರಿಲ್ಲ.

ಹಿಡಿಯುವ ದಿನ ಮಂಜು ಕವಿದಿತ್ತು. ಹೆರಿಂಗ್ ಕೊಲ್ಲಿಗೆ ಬಂದಾಗ ಮೀನು ಬೆದರದಿರಲೆಂದು ನಮ್ಮವರು ಯಾರೂ ಸದ್ದು ಮಾಡುವುದಿಲ್ಲವಲ್ಲ, ಎಲ್ವಿರಾ ಅಡುಗೆಮನೆಯ ಪಾತ್ರೆಗಳ ಕೆಳಗೆ ಬಟ್ಟೆ ಹಾಸಿದ್ದಳು, ನಾಯಿಯನ್ನು ತಂಗಿಯ ಮನೆಗೆ ಗಡೀಪಾರು ಮಾಡಿದ್ದಳು. ನಾನು ಒಬ್ಬನೇ ಹೋಗಿ, ಎಂಜಿನ್ ಆರಿಸಿ, ಕೊಲ್ಲಿಯ ನಡುವೆ ಲಂಗರು ಹಾಕಿ ಗೆರೆ ಕಾಯುತ್ತಿದ್ದೆ. ಬಂಡೆಯ ಆಚೆ ಬೋಟುಗಳ ಗದ್ದಲ, ವೈರ್‌ಲೆಸ್ಸಿನಲ್ಲಿ ಬೈಗುಳ. ಈಚೆ ಮೀನು ಹೊರಳುವ ಸದ್ದು ಕೇಳುವಷ್ಟು ಮೌನ.

ಆಗ ನನ್ನ ಬೆನ್ನ ಹಿಂದೆ ಎಂಜಿನ್ ಸದ್ದಾಯಿತು.

ಬಂಡೆಗೂ ದಡಕ್ಕೂ ನಡುವೆ ಆ ಸಂದಿ ಇದೆಯಲ್ಲ, ಕಡಲ ಭರತ ತುಂಬಿದಾಗ ಮಾತ್ರ, ಅದೂ ಕಲ್ಲುಗಳ ಗುರುತು ಬಲ್ಲವರು ಮಾತ್ರ ನುಗ್ಗುವಂಥದ್ದು, ಅಲ್ಲಿಂದ ಟಾರ್ವಿಕ್‌ನ ಹೊಸ ನೀಲಿ ಬೋಟು ಒಳಗೆ ಬಂತು. ಬಂದದ್ದೇ ಮೀನಿನ ಹಿಂಡನ್ನೇ ಸುತ್ತುವರಿಯುವ ಪರ್ಸೀನ್ ಬಲೆ ಇಳಿಸಿ ಸುತ್ತು ಹೊಡೆಯತೊಡಗಿತು. ನೇರವಾಗಿ ಆ ಮುದಿ ಮೀನುಗಳ ಮೇಲೆಯೇ. ತಂಡೇಲ ಬೋಟಿನ ಮುಂತುದಿಗೆ ಬಂದು ನಿಂತು ನನಗೆ ಏನೋ ಕೂಗಿ ಹೇಳಿದ. ಅದನ್ನು ಇಲ್ಲಿ ಬರೆಯಲಾರೆ.

ವೈರ್‌ಲೆಸ್ ನನ್ನ ಕೈಯಲ್ಲೇ ಇತ್ತು. ಗುಂಡಿ ಒತ್ತಿದರೆ ಕಡಲಿಗೆಲ್ಲ ಕೇಳುತ್ತದೆ, ಅವನ ಬದುಕು ಅಲ್ಲಿಗೇ ನಿಲ್ಲುತ್ತದೆ. ಒತ್ತದಿದ್ದರೆ ಬಲೆಯ ಬಾಯಿ ಮುಚ್ಚುತ್ತದೆ. ಅಕ್ಕಾ, ನನಗೆ ಹೆದರಿಕೆಯಾಯಿತು. ಅಷ್ಟು ಹೆದರಿಕೆ ಬಿರುಗಾಳಿಯಲ್ಲೂ ಆಗಿಲ್ಲ. ಹೆಬ್ಬೆರಳು ಗುಂಡಿಯ ಮೇಲಿದ್ದರೂ ಒತ್ತಲು ಬರಲೊಲ್ಲದು. ಬಲೆಯೊಳಗೆ ನೀರು ಕುದಿದಂತೆ ಮೀನು ಎದ್ದವು. ಆಗ ಒತ್ತಿದೆ.

"ಹನ್ನಾ, ಕಾಗೆಬಂಡೆಯ ಒಳಗೆ ಬಲೆ ಬಿದ್ದಿದೆ, ಬೇಗ ಬನ್ನಿ," ಎಂದೆ. ಬೋಟು ಯಾವುದೆಂದು ಹೇಳಿದೆ. ತಂಡೇಲನ ಹೆಸರನ್ನೂ ಹೇಳಿದೆ.

ಅವಳು ಬಂದು ಬಲೆ ಬಿಚ್ಚಿಸಿದಳು. ಕೆಲವು ಮೀನು ಹೊಟ್ಟೆ ಮೇಲಾಗಿ ತೇಲಿದವು, ಹೆಚ್ಚಿನವು ಆಳಕ್ಕೆ ಇಳಿದವು. ಧಕ್ಕೆಯಲ್ಲಿ ಟಾರ್ವಿಕ್ ಕೈ ತೊಳೆದುಕೊಂಡ. "ನಾನೆಲ್ಲಿ ಹೇಳಿದ್ದೆ? ಅವನಾಗೇ ನುಗ್ಗಿದ್ದು, ಅವನನ್ನೇ ಕೇಳಿ." ತಂಡೇಲನ ಲೈಸೆನ್ಸ್ ಅವತ್ತೇ ಹೋಯಿತು.

ಆ ವಾರ ಕಳೆಯುವುದರೊಳಗೆ ಮೀನು ಮೊಟ್ಟೆಯಿಡತೊಡಗಿ ಕೊಲ್ಲಿ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಎಷ್ಟು ವರ್ಷವಾಗಿತ್ತು ಹಾಗೆ ನೋಡಿ! ನಾವು ನೀರಿಗೆ ಇಳಿಬಿಟ್ಟ ಹೆಮ್ಲಾಕ್ ಕೊಂಬೆಗಳಿಗೆ ಮೊಟ್ಟೆ ಎಷ್ಟು ದಪ್ಪ ಕಟ್ಟಿತ್ತೆಂದರೆ ಇಬ್ಬರೂ ಸೇರಿ ಎಳೆದರೂ ಮೇಲೆ ಬರಲಿಲ್ಲ. ಎಲ್ವಿರಾ ದೋಣಿಯಲ್ಲೇ ಕುಳಿತು ಅತ್ತಳು. ಸಂಜೆ ಟಾರ್ವಿಕ್‌ನ ಹೆಂಡತಿ ಬಕೆಟ್ ಹಿಡಿದುಕೊಂಡು ಬಂದಳು, ಎಲ್ವಿರಾ ತುಂಬಿಸಿ ಕಳಿಸಿದಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ನಿನ್ನ ಪಾಲು ಈ ಪೆಟ್ಟಿಗೆಯಲ್ಲಿದೆ. ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಸಾಕು, ಬೇಯಿಸಿ ಕೆಡಿಸಬೇಡ. ನೆಂಜಿಕೊಳ್ಳಲು ಎಲ್ವಿರಾ ಸೀಲ್ ಪ್ರಾಣಿಯ ಎಣ್ಣೆಯ ಸೀಸೆಯನ್ನೂ ಇಟ್ಟಿದ್ದಾಳೆ. ನಿನ್ನ ಒಲೆ ಬೆಚ್ಚಗಿರಲಿ, ಮಂಡಿ ಗಟ್ಟಿಯಾಗಲಿ. ಈ ತಮ್ಮನ ತಲೆಯ ಮೇಲೆ ನಿನ್ನ ಕೈ ಇರಲಿ. ಈ ವರ್ಷ ಅದು ಬೇಕಾಗಿದೆ.

ನಿನ್ನ
ಸಿರಿಲ್

ಮತ್ತೆ: ನೀನು ಕೇಳಿದ ಮಾತು. ನೀಲಿ ಬೋಟಿನ ತಂಡೇಲ ನಮ್ಮ ಡೆಸ್ಮಂಡ್. ಚಳಿಗಾಲದಲ್ಲಿ ನನ್ನ ಬೋಟು ಬಿಟ್ಟು ಟಾರ್ವಿಕ್‌ನ ಕಡೆ ಹೋದ, ಅಮ್ಮನಿಗೆ ತಾನೇ ಹೇಳುತ್ತೇನೆ ಎಂದಿದ್ದ. ನಮ್ಮ ಪದ್ಧತಿಯಂತೆ ಮಗನನ್ನು ಸೋದರಮಾವನ ಕೈಗೆ ಒಪ್ಪಿಸಿದವಳು ನೀನು. ಆ ಸಂದಿಯ ಕಲ್ಲುಗಳ ಗುರುತು ಹೇಳಿಕೊಟ್ಟವನು ನಾನು. ಅವತ್ತು ಅವನು ಕೂಗಿದ್ದು ಇಷ್ಟೇ: "ಮಾವಾ, ಹೆರಿಂಗ್ ಬಂದಾಗ ಸುಮ್ನಿರ್ಬೇಕು ಅಂತ ನೀನೇ ಅಲ್ವಾ ಹೇಳ್ಕೊಟ್ಟಿದ್ದು? ಸುಮ್ನಿರು!" ನಗುತ್ತಲೇ ಕೂಗಿದ. ನಾನು ಸುಮ್ಮನಿರುತ್ತೇನೆಂದು ನಂಬಿದ್ದ.

ನಿನ್ನಲ್ಲಿಗೇ ಹೊರಟಿದ್ದಾನೆ, ಎಲ್ವಿರಾಳಿಗೆ ಹೇಳಿ ಹೋದ, ನನಗೆ ಹೇಳಲಿಲ್ಲ. ಪೆಟ್ಟಿಗೆಯ ತಳದಲ್ಲಿ ಮೊಟ್ಟೆ ತುಂಬಿದ ಒಂದು ಕೊಂಬೆಯನ್ನು ಬೇರೆಯಾಗಿ ಕಟ್ಟಿಟ್ಟಿದ್ದೇನೆ. ಅವನಿಗೆ ಬಡಿಸು. ಅವನು ನನ್ನ ಬಗ್ಗೆ ಏನಂದ ಎಂದು ಬರೆಯಬೇಡ. ತಿಂದನೋ ಇಲ್ಲವೋ, ಅಷ್ಟು ಮಾತ್ರ ಬರೆ.