ಮೌಸ್ ಬಿಟ್ಟುಕೊಡದವನಿಗೆ

ಹಾರಿಸ್,

ನೀನು ತೀರಿಕೊಂಡು ವರ್ಷವಾದರೂ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ.

ಮೂಡಬಿದಿರೆಯ ನನ್ನ ತರಗತಿಗೆ ತೃಪ್ತಿ ಎಂಬವಳು ಬರುತ್ತಾಳೆ. ಮಡಂತ್ಯಾರಿನಲ್ಲಿ ಮದುವೆ ಕಾಗದ ಡಿಸೈನ್ ಮಾಡುವವಳು, ಈಗ ಹಾಲ್ ಬುಕ್ ಮಾಡುವ ವೆಬ್ ಆ್ಯಪ್ ಕಟ್ಟಲು ಕಲಿಯುತ್ತಿದ್ದಾಳೆ. ಇವತ್ತು ಅವಳ ಬಟನ್ ಒತ್ತಿದರೆ ಏನೂ ಆಗಲಿಲ್ಲ. ಅಚ್ಚಿನ ಅಭ್ಯಾಸದಲ್ಲಿ ಚಂದದ ಬಟನ್ನಿನ ಚಿತ್ರವನ್ನಷ್ಟೇ ಅಂಟಿಸಿದ್ದಳು, ಹಿಂದೆ ಕೋಡ್ ಇರಲಿಲ್ಲ. ನಾನು ಮೌಸ್ ಕಸಿದುಕೊಂಡು ಎರಡೇ ನಿಮಿಷದಲ್ಲಿ ಸರಿಮಾಡಿದೆ. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಪರದೆ ನೋಡುತ್ತ ಕೂತಳು.

ಕಲಿಯಲು ಬಂದು ನಿನ್ನ ಪಕ್ಕದಲ್ಲಿ ನಾನು ಎರಡು ವರ್ಷ ಹಾಗೆಯೇ ಕೂತಿದ್ದೆ. ಡಿಸೈನರುಗಳಿಗೆ ಆ್ಯಪ್ ಕಟ್ಟಲು ಕಲಿಸುತ್ತೇನೆಂದು ಬೋರ್ಡು ಹಾಕಿದವನು ನೀನು. ಕಲಿಸಿದ್ದು? "ಶಬ್ನಾ, ನೀನು ಬಣ್ಣ ನೋಡಿದ್ರೆ ಸಾಕು ಮಾರಾಯ್ತಿ, ಕೋಡ್ ನಾನು ಬರೀತೇನೆ."

ನಾನು ಬರೆದದ್ದನ್ನೆಲ್ಲ ಅಳಿಸಿ ಮೌಸನ್ನು ತೃಪ್ತಿಯತ್ತ ತಳ್ಳಿದೆ. ಅವಳೇ ಬರೆದು ಮುಗಿಸಲು ಒಂದೂವರೆ ಗಂಟೆ ಹಿಡಿಯಿತು. "ಮೇಡಂ, ಬುಕ್ ಆಯ್ತು!" ಎಂದು ಅದೇ ಬಟನ್ನನ್ನು ಹತ್ತು ಸಲ ಒತ್ತಿದಳು.

ನಾನೊಬ್ಬಳೇ ಮೊದಲ ಆ್ಯಪ್ ಕಟ್ಟಿದಾಗ ನೀನು ಆಸ್ಪತ್ರೆಯಲ್ಲಿದ್ದೆ. "ಲಿಂಕ್ ಕಳಿಸು, ನೋಡ್ತೇನೆ" ಎಂದು ಎರಡು ಸಲ ಫೋನ್ ಮಾಡಿದವನು ನೀನೇ. ಅದಕ್ಕೂ ಕೈ ಹಾಕುತ್ತೀ ಎಂದು ನಾನು ಕಳಿಸಲಿಲ್ಲ.

ಮೂರನೇ ಸಲ ನೀನು ಕೇಳಲಿಲ್ಲ.